ಸೀಗಡಿ ಕಸೂತಿಯ ಅಂಗಿ

ನ್ಯಾ ತ್ರಾಂಗ್
12 ಜೂನ್ 1995

ಮಿಯೆನ್,

ನೀನು ಎನ್ನಲೋ ನೀವು ಎನ್ನಲೋ ತಿಳಿಯದೆ ಮೂರು ಹಾಳೆ ಹರಿದು ಹಾಕಿದ್ದೇನೆ. ಇದು ನಾಲ್ಕನೆಯದು. ಕ್ವಿ ನ್ಯೋನಿನ ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ಸೊಳ್ಳೆಪರದೆಯೊಳಗೆ ಮಲಗಿದವರು ನಾವು. ಈಗ ನೀವು ಎಂದರೆ ನಿನಗೇ ನಗು ಬಂದೀತು. ಆದ್ದರಿಂದ ನೀನು ಎಂದೇ ಬರೆಯುತ್ತೇನೆ.

ನಾಲ್ಕು ವರ್ಷ ಮಾತು ಬಿಟ್ಟವಳಿಗೆ ಈಗೇನು ಬಂತು ಎಂದುಕೊಳ್ಳುತ್ತೀಯ. ಬಂದಿರುವುದು ಹೊಟ್ಟೆ. ನಾಲ್ಕು ತಿಂಗಳು ತುಂಬಿದೆ. ಮೊದಲ ಸಲ ಕಳೆದುಕೊಂಡದ್ದು ನಿನಗೆ ಚೆನ್ನಾಗಿ ಗೊತ್ತು. ಎರಡು ವರ್ಷದ ಹಿಂದೆ ಇನ್ನೊಂದು ಸಲವೂ ಹಾಗೆಯೇ ಆಯಿತು. ಈ ಸಲ ಮಾತ್ರ ಉಳಿದುಕೊಂಡಿದೆ. ನನಗೋ ನಿಂತಲ್ಲಿ ನಿಲ್ಲಲಾಗುವುದಿಲ್ಲ, ಕೂತಲ್ಲಿ ಕೂರಲಾಗುವುದಿಲ್ಲ.

ಅತ್ತೆ ಮನೆಯೊಳಗೆ ಮಗುವಿನ ಒಂದು ಚಿಂದಿಯನ್ನೂ ತರಲು ಬಿಡುತ್ತಿಲ್ಲ. "ಹುಟ್ಟದೇ ಇರೋ ಮಗೂಗೆ ತೊಟ್ಟಿಲು ತಂದಿಟ್ರೆ ಕೊನೆಗೆ ತೊಟ್ಟಿಲೇ ಉಳಿಯೋದು. ಎರಡು ಸಲ ಆಯ್ತಲ್ಲ, ಸಾಲ್ದಾ ನಿಂಗೆ?" ಎನ್ನುತ್ತಾರೆ. ಹಾಗಾಗಿ ನನ್ನ ಮಗುವಿನ ಮನೆ ಸದ್ಯಕ್ಕೆ ಪುಸ್ತಕದಂಗಡಿಯ ಕೌಂಟರಿನ ಕೆಳಗಿದೆ. ಅಲ್ಲೊಂದು ರಟ್ಟಿನ ಪೆಟ್ಟಿಗೆ ಇಟ್ಟಿದ್ದೇನೆ. ಹಾಲಿನ ಬಾಟಲಿ ಎರಡು, ಪೌಡರ್ ಡಬ್ಬಿ, ಹಳೆಯ ಹತ್ತಿ ಹೊದಿಕೆ ಹರಿದು ಹೊಲಿದ ಲಂಗೋಟಿಗಳು, ಕಿವಿ ಮುಚ್ಚುವ ಕುಲಾವಿ. ಗಿರಾಕಿ ಇಲ್ಲದಾಗ ಎಲ್ಲವನ್ನೂ ಹೊರಗೆ ತೆಗೆಯುತ್ತೇನೆ, ಮತ್ತೆ ಒಳಗಿಡುತ್ತೇನೆ. ಪುಸ್ತಕದ ವಿಷಯದಲ್ಲಿ ಮಾತ್ರ ಅತ್ತೆಯ ಕಾನೂನಿನಲ್ಲಿ ಏನೂ ಬರೆದಿಲ್ಲ. ಅವರ ಕಾಲದಲ್ಲಿ ಮಗುವಿಗೆ ಪುಸ್ತಕ ತರುವ ಹುಚ್ಚು ಯಾರಿಗೂ ಇರಲಿಲ್ಲವಲ್ಲ. ಅದಕ್ಕೇ ಮನೆಗೆ ಪುಸ್ತಕ ಹೊರುತ್ತಿದ್ದೇನೆ.

ಈಗ ಕೆಲಸದ ಮಾತು. ಮೊನ್ನೆ ಸಂತೆಯಲ್ಲಿ ಅತ್ತೆಗೆ ನಿಮ್ಮಮ್ಮ ಸಿಕ್ಕಿದ್ದರಂತೆ. ಮೊಮ್ಮಗಳು ಗುಂಡುಗುಂಡಾಗಿದ್ದಾಳೆ, ಹಠವೇ ಇಲ್ಲ, ಕೂರಿಸಿದಲ್ಲಿ ಕೂತಿರುತ್ತಾಳೆ ಎಂದು ಹೊಗಳಿದ್ದೇ ಹೊಗಳಿದ್ದಂತೆ. ಅತ್ತೆ ಬಂದವರೇ ಹೇಳಿದರು: "ಹುಟ್ಟಿದ ತಕ್ಷಣ ಹೊಸ ಅಂಗಿ ಹಾಕ್ಬಾರ್ದು. ಆ ಮಗು ತೊಟ್ಟು ಬಿಟ್ಟಿದ್ದು ಒಂದು ತರಿಸು. ಅಂಗಿ ಜೊತೆ ಅದರ ಗುಣಾನೂ ಬರತ್ತೆ."

ನಿನ್ನ ಮಗಳನ್ನು ತೋಮ್ ಎನ್ನುತ್ತೀಯಂತೆ, ಸೀಗಡಿ ಎಂದು. ನಮ್ಮ ಬೀದಿಯಲ್ಲೇ ಮೂವರು ಸೀಗಡಿಗಳಿದ್ದಾರೆ, ಆದರೂ ಕೇಳಿ ಖುಷಿಯಾಯಿತು. ಅವಳ ಹಳೆಯ ಅಂಗಿ ಒಂದಿದ್ದರೆ ಕಳಿಸುತ್ತೀಯಾ? ಅತ್ತೆ ಹೇಳಿದರೆಂದು ಕೇಳುತ್ತಿದ್ದೇನೆ ಎಂದು ಬರೆದು ಜಾರಿಕೊಳ್ಳಬಹುದಿತ್ತು. ಇಲ್ಲ, ನನಗೂ ಬೇಕು.

ಖ್ವೇ

*

ತುಯ್ ಹೋವಾ
9 ಜುಲೈ 1995

ಖ್ವೇ,

ಕಾಗದ ಬಂತು. ಸಂತೋಷ. ಭಾರ ಎತ್ತಬೇಡ, ಪುಸ್ತಕವೂ ಭಾರವೇ.

ತೋಮ್ ಚೆನ್ನಾಗಿದ್ದಾಳೆ. ಅವಳ ಸಣ್ಣಂದಿನ ಬಟ್ಟೆಗಳನ್ನೆಲ್ಲ ಅವರಿವರಿಗೆ ಹಂಚಿಬಿಟ್ಟೆ. ಒಂದೆರಡು ಉಳಿದಿರಬಹುದು, ಹುಡುಕಿ ಕಳಿಸುತ್ತೇನೆ. ನಾನು ಶಾಲೆ ಬಿಟ್ಟು ಎರಡು ವರ್ಷವಾಯಿತು. ಮನೆಯಲ್ಲೇ ಹೊಲಿಗೆ ಹಾಕುತ್ತೇನೆ. ಯಾಕೆ ಬಿಟ್ಟೆ ಎಂದು ಕೇಳಬೇಡ, ಹೊಲಿಗೆ ಇಷ್ಟ.

ಬಿಸಿಲಲ್ಲಿ ಬರಿತಲೆಯಲ್ಲಿ ಓಡಾಡಬೇಡ.

ಮಿಯೆನ್

*

ನ್ಯಾ ತ್ರಾಂಗ್
20 ಜುಲೈ 1995

ಮಿಯೆನ್,

ಹೊಲಿಗೆ ಇಷ್ಟವಂತೆ! ಹಾಸ್ಟೆಲಿನಲ್ಲಿ ನಿನ್ನ ಗುಂಡಿಗಳನ್ನೆಲ್ಲ ಹಾಕಿಕೊಟ್ಟವಳು ನಾನು. ಇರಲಿ, ಕೇಳಬೇಡ ಎಂದಿದ್ದೀಯ, ಕೇಳುವುದಿಲ್ಲ.

ಈಗ ಅತ್ತೆಯ ಹೆಬ್ಬಾತಿನ ಮೊಟ್ಟೆಯ ಕಾಲ. ಬಸುರಿ ತಿಂದರೆ ಮಗು ಬುದ್ಧಿವಂತವಾಗುತ್ತದೆಂದು ದಿನ ಬಿಟ್ಟು ದಿನ ಒಂದೊಂದು ಬೇಯಿಸಿ ಮುಂದಿಡುತ್ತಾರೆ. ಒಂದೊಂದೂ ನನ್ನ ಮುಷ್ಟಿಗಿಂತ ದೊಡ್ಡದು, ಮೂಗು ಮುಚ್ಚಿಕೊಂಡು ನುಂಗುತ್ತೇನೆ. ಗಂಡಾಗಬೇಕಾದರೆ ಏಳು, ಹೆಣ್ಣಾಗಬೇಕಾದರೆ ಒಂಬತ್ತು ತಾನೆ? ಅತ್ತೆ ಏಳಕ್ಕೆ ಸರಿಯಾಗಿ ನಿಲ್ಲಿಸಿದರು. ನಾನು ಇನ್ನೆರಡು ಕೊಂಡು ಅಂಗಡಿಯಲ್ಲಿ ಕದ್ದು ತಿಂದೆ. ನಿನಗೊಬ್ಬಳಿಗೇ ಹೇಳುತ್ತಿದ್ದೇನೆ, ಕಟ್ಟಿಕೊಂಡ ಗಂಡ ತ್ವಾನ್‌ಗೂ ಹೇಳಿಲ್ಲ. ಅವನು ರೈಲು ಶೆಡ್ಡಿನಿಂದ ಬಂದವನೇ ಹೊಟ್ಟೆಗೆ ಕಿವಿಗೊಟ್ಟು, "ಇಂಜಿನ್ ಓಡ್ತಿದೆ" ಎಂದು ವರದಿ ಒಪ್ಪಿಸಿ ಊಟಕ್ಕೆ ಕೂರುತ್ತಾನೆ.

ಮಲಗುವ ಕೋಣೆಯ ಗೋಡೆಯಲ್ಲಿ ಕ್ಯಾಲೆಂಡರಿನ ಗುಂಡು ಮಗುವೊಂದು ನೇತಾಡುತ್ತಿದೆ. ಅತ್ತೆಯದೇ ಕೆಲಸ. ದಿನಾ ನೋಡಿದರೆ ಅಂಥದೇ ಹುಟ್ಟುತ್ತದಂತೆ. ಆ ಮಗುವಿಗೆ ಕತ್ತೇ ಇಲ್ಲ ಮಿಯೆನ್. ನನಗೆ ಕತ್ತಿರುವ ಮಗು ಸಾಕು.

ಪುಸ್ತಕದ ಕೆಲಸ ಅಂದುಕೊಂಡಷ್ಟು ಸುಲಭವಲ್ಲ. ಹತ್ತು ವರ್ಷದಿಂದ ಪುಸ್ತಕ ಮಾರುತ್ತಿದ್ದೇನೆ, ಸ್ವಂತ ಮಗುವಿಗೆ ಒಂದು ಆರಿಸಲು ಬರುತ್ತಿಲ್ಲ. ಒಂದರಲ್ಲಿ ಹುಲಿಯ ಕಣ್ಣು ಕೆಂಪಗಿದೆ, ಹೆದರಿಕೊಂಡರೆ? ಇನ್ನೊಂದರಲ್ಲಿ ಅಮ್ಮ ಕಳೆದುಹೋಗುತ್ತಾಳೆ, ಆರನೆಯ ಪುಟದ ತನಕ ಸಿಗುವುದೇ ಇಲ್ಲ. ಅದನ್ನು ತಂದ ದಿನವೇ ಹಿಂದಕ್ಕೆ ಒಯ್ದೆ. ಹೊಟ್ಟೆಗೆ ಗಟ್ಟಿಯಾಗಿ ಓದುತ್ತೇನೆ. "ಏನೇ ಇದು, ಹೊಟ್ಟೇಲಿರೋದಕ್ಕೆ ಪಾಠ ಹೇಳ್ತಿದೀಯಾ? ಪರೀಕ್ಷೆ ಯಾವಾಗ?" ಎಂದು ಅತ್ತೆ ಅಡುಗೆಮನೆಯಿಂದ ಕೂಗುತ್ತಾರೆ.

ನೀನು ಹೇಳು. ತೋಮ್‌ಗೆ ಏನು ಓದಿದೆ? ಯಾವ ಪುಸ್ತಕವನ್ನು ಮತ್ತೆ ಮತ್ತೆ ಓದು ಎಂದು ಪೀಡಿಸುತ್ತಾಳೆ? ಯಾವ ಪದ್ಯ ಹಾಡುತ್ತಾಳೆ? ಒಂದೂ ಬಿಡದೆ ಬರೆ. ಅಂಗಿಯಷ್ಟೇ ಅವಸರ ಇದಕ್ಕೂ ಇದೆ.

ಖ್ವೇ

*

ತುಯ್ ಹೋವಾ
14 ಆಗಸ್ಟ್ 1995

ಖ್ವೇ,

ಇದರೊಂದಿಗೆ ಅಂಗಿ ಇದೆ. ಒಗೆದು ಒಣಗಿಸಿದ್ದೇನೆ. ನಿಮ್ಮ ಅತ್ತೆಗೆ ನನ್ನ ನಮಸ್ಕಾರ ತಿಳಿಸು.

ತೋಮ್‌ಗೆ ಹುಂಜದ ಪುಸ್ತಕ ಇಷ್ಟ. ಬೆಳಗಾದರೆ ಹುಂಜ ಕೂಗುತ್ತದೆ, ಎಲ್ಲರನ್ನೂ ಎಬ್ಬಿಸುತ್ತದೆ, ಅಷ್ಟೇ ಕಥೆ. ಪದ್ಯ ಪೂರ್ತಿ ಬಾಯಿಪಾಠ. ಬಂದವರ ಮುಂದೆಲ್ಲ ಹಾಡಿ ತೋರಿಸುತ್ತಾಳೆ. ಮಾತೂ ಬಹಳ, ಸುಮ್ಮನಿರಿಸುವುದೇ ಕಷ್ಟ.

ಹೊಲಿಗೆ ತುಂಬ ಇದೆ. ಬೇಗ ಬೇಗ ಬರೆಯಲು ಆಗುವುದಿಲ್ಲ, ಬೇಸರಿಸಬೇಡ.

ಮಿಯೆನ್

*

ನ್ಯಾ ತ್ರಾಂಗ್
3 ಸೆಪ್ಟೆಂಬರ್ 1995

ಮಿಯೆನ್,

ಅಂಗಿ ತಲುಪಿತು. ಅತ್ತೆ ಬಿಸಿಲಿಗೆ ಹಿಡಿದು ನೋಡಿದರು, ಮೂಸಿದರು, "ಹಾಲು ಕುಡಿದ ಮಗು ಕಣೇ ಇದು, ವಾಸನೆಯಲ್ಲೇ ಗೊತ್ತಾಗತ್ತೆ" ಎಂದು ತೀರ್ಪು ಕೊಟ್ಟರು. ಮಗುವಿನ ಸಾಮಾನೆಂದು ಮನೆಯೊಳಗೆ ಬಂದ ಮೊದಲ ವಸ್ತು ಅದು. ನನ್ನ ದಿಂಬಿನಡಿಗೆ ಅವರೇ ಇಟ್ಟರು. ಬೀದಿಯವರಿಗೆಲ್ಲ ನಿನ್ನ ಮಗಳ ಕಥೆ ಹೇಳಿದ್ದಾಯಿತು.

ನಾನು ಸುಮ್ಮನಿದ್ದುಬಿಡಬೇಕು ಎಂದುಕೊಂಡೆ. ಆಗುತ್ತಿಲ್ಲ. ಪೊಟ್ಟಣ ಬಿಚ್ಚುವಾಗ ನನ್ನ ಕೈ ಹುಡುಕಿದ್ದು ಬೇರೆ ಅಂಗಿಯನ್ನು. ನಾನು ಹೊಲಿದು ತಂದಿದ್ದೆನಲ್ಲ, ಬಿಳಿ ಹತ್ತಿಯದು, ಎದೆಯ ಮೇಲೆ ಕಿತ್ತಳೆ ದಾರದ ಸೀಗಡಿ. ಬಸುರಿನಲ್ಲಿ ನೀನು ಮೂರು ಹೊತ್ತೂ ಸೀಗಡಿ ತಿನ್ನುತ್ತಿದ್ದೆ ಎಂದು ತಮಾಷೆಗೆ ಹಾಕಿದ ಕಸೂತಿ. ಅದನ್ನು ಮಗುವಿಗೆ ಹಾಕಿಯೇ ಇಲ್ಲ ಎಂದಾಯಿತು. ಹಾಕಿರಲಾರೆ ಎಂದು ಆ ದಿನವೇ ಗೊತ್ತಿತ್ತು.

ಆ ದಿನದ ಮಾತು ಎತ್ತಿಯೇ ಬಿಡುತ್ತೇನೆ. ಹೆರಿಗೆಗೆ ನೀನು ಇಲ್ಲಿ ನಿಮ್ಮಮ್ಮನ ಮನೆಗೆ ಬಂದಿದ್ದೆ. ನನ್ನ ಮಗು ಹೋಗಿ ಎರಡು ತಿಂಗಳಾಗಿತ್ತು. ಬರಬಾರದಿತ್ತು, ಮಗು ಕಳೆದುಕೊಂಡವಳು ಬಾಣಂತಿಯ ಕೋಣೆಗೆ ಕಾಲಿಡಬಾರದೆಂದು ನನಗೇನು ಗೊತ್ತಿರಲಿಲ್ಲವೇ? ಆದರೆ ಹುಟ್ಟಿದ್ದು ನಿನ್ನ ಮಗು. ಬಾಗಿಲಲ್ಲೇ ನಿಂತು ನೋಡಿದೆ, ಮುಟ್ಟಲಿಲ್ಲ, ಅಂಗಿ ಮೇಜಿನ ಮೇಲಿಟ್ಟು ಹೊರಟೆ. ಬೀದಿಯ ಕೊನೆಗೆ ಹೋದಾಗ ತಲೆ ಸುಡುತ್ತಿತ್ತು. ಟೋಪಿ ನಿಮ್ಮ ಮನೆಯಲ್ಲೇ ಬಿಟ್ಟಿದ್ದೆ. ತರಲು ತಿರುಗಿ ಬಂದೆ. ಹೊಸ್ತಿಲಲ್ಲಿ ನೀನು ಕಾಗದದ ಚೂರು ಸುಡುತ್ತಿದ್ದೆ. ನನ್ನ ಕಾಲ್ಗುಣ ಮನೆಯಲ್ಲಿ ಉಳಿಯದ ಹಾಗೆ ಹೊಗೆಯನ್ನು ಕೈಯಿಂದ ಹೊರಗೆ ತಳ್ಳುತ್ತಿದ್ದೆ. ನಿಮ್ಮಮ್ಮ ಮಾಡಿದ್ದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ.

ನೀನು ನನ್ನನ್ನು ನೋಡಲಿಲ್ಲ ಎಂದು ಇಷ್ಟು ವರ್ಷ ನಂಬಿದ್ದೆ. ಜುಲೈಯಲ್ಲಿ ನೀನು ‘ಬರಿತಲೆಯಲ್ಲಿ ಓಡಾಡಬೇಡ’ ಎಂದು ಬರೆದೆ. ಆಗಿನಿಂದ ಅದನ್ನೇ ತಿರುಗಿಸಿ ಮುರುಗಿಸಿ ಓದುತ್ತಿದ್ದೇನೆ. ಗೊತ್ತಿತ್ತಾ ನಿನಗೆ?

ಖ್ವೇ

*

ನ್ಯಾ ತ್ರಾಂಗ್
30 ಸೆಪ್ಟೆಂಬರ್ 1995

ಮಿಯೆನ್,

ಉತ್ತರ ಇಲ್ಲ. ಬರೆಯಬಾರದ್ದು ಬರೆದೆನೇನೋ. ಅಂಚೆಯವನು ಬೀದಿ ತಿರುಗುವ ಹೊತ್ತಿಗೆ ಅಂಗಡಿಯ ಮೆಟ್ಟಿಲಿಗೆ ಬಂದು ನಿಲ್ಲುತ್ತೇನೆ. ಅವನು ದೂರದಿಂದಲೇ, "ಇಲ್ಲಮ್ಮಾ, ಇವತ್ತೂ ಇಲ್ಲ. ನಿಂತ್ಕೊಂಡು ನಿಂತ್ಕೊಂಡು ಇಲ್ಲೇ ಹೆತ್ತುಬಿಟ್ಟೀರ!" ಎನ್ನುತ್ತಾನೆ.

ಜಗಳವಾದರೂ ಆಡು. ಸುಮ್ಮನಿರಬೇಡ. ಈ ತಿಂಗಳುಗಳಲ್ಲಿ ಸುಮ್ಮನಿರುವುದೆಲ್ಲ ನನಗೆ ಭಯ. ಮಗು ಒಂದು ಗಂಟೆ ಒದೆಯದಿದ್ದರೂ ಭಯ.

ಖ್ವೇ

*

ತುಯ್ ಹೋವಾ
17 ಅಕ್ಟೋಬರ್ 1995

ಖ್ವೇ,

ನಾನು ಕಳಿಸಿದ ಅಂಗಿ ತೋಮ್‌ದಲ್ಲ. ಪಕ್ಕದ ಮನೆಯ ಐಸ್ ಮಾರುವವಳ ಮಗನದು. ಅವನು ಗಟ್ಟಿಮುಟ್ಟಾಗಿದ್ದಾನೆ. ನಿನ್ನ ಮಗುವಿಗೆ ಕೇಡಾಗಬಾರದೆಂದು ಕೇಳಿ ತಂದೆ, ಅಷ್ಟನ್ನಾದರೂ ನಂಬು.

ತೋಮ್‌ಗೆ ಕಿವಿ ಕೇಳಿಸುವುದಿಲ್ಲ.

ಹದಿನಾಲ್ಕು ತಿಂಗಳಾದಾಗ ಗೊತ್ತಾಯಿತು. ಅಡುಗೆಮನೆಯಲ್ಲಿ ನನ್ನ ಕೈಯಿಂದ ಹಿತ್ತಾಳೆ ತಟ್ಟೆ ಜಾರಿ ಅವಳ ಬೆನ್ನ ಹಿಂದೆಯೇ ಬಿತ್ತು. ಮನೆಯ ಬೆಕ್ಕು ಓಡಿಹೋಯಿತು. ತೋಮ್ ಕೂತಲ್ಲೇ ಆಡುತ್ತಿದ್ದಳು. ಹಠವಿಲ್ಲದ ಮಗು, ಕೂರಿಸಿದಲ್ಲಿ ಕೂರುವ ಮಗು ಎಂದು ಅಮ್ಮ ಸಂತೆಯಲ್ಲಿ ಹೊಗಳುತ್ತಾರಲ್ಲ, ಅದು ಇದೇ. ಮೊಮ್ಮಗಳ ವಿಷಯ ಅಲ್ಲಿ ಯಾರಿಗೂ ತಿಳಿಯಕೂಡದೆಂದು ನನ್ನ ಬಾಯಿಯನ್ನೂ ಮುಚ್ಚಿಸಿದ್ದಾರೆ. ಶಾಲೆ ಬಿಟ್ಟದ್ದು ಅದಕ್ಕೇ. ಊರ ಮಕ್ಕಳಿಗೆಲ್ಲ ಓದಲು ಕಲಿಸಿ ಮನೆಗೆ ಬಂದರೆ ನನ್ನ ಮಗಳಿಗೆ ನನ್ನ ಹೆಸರು ಕೂಗಲು ಬರುವುದಿಲ್ಲ.

ನಿನ್ನ ಮೊದಲ ಕಾಗದ ಓದಿ ಸಂತೋಷ ಎಂದು ಬರೆದೆ. ಸುಳ್ಳು. ಹೆದರಿದೆ. ನನ್ನ ಮಗಳ ಗುಣ ಬೇಕೆಂದು ಕೇಳಿದವಳು ನೀನೊಬ್ಬಳೇ. ನಿಜ ಗೊತ್ತಾದರೆ ನೀನೂ ಬಾಗಿಲಲ್ಲಿ ಕೂತು ಕಾಗದ ಸುಡುತ್ತೀಯ ಎಂದುಕೊಂಡೆ. ಸುಡುವುದು ಹೇಗೆಂದು ನಾನೇ ತೋರಿಸಿಕೊಟ್ಟಿದ್ದೆನಲ್ಲ.

ಹೌದು, ಗೊತ್ತಿತ್ತು. ಆ ಬಿಸಿಲಲ್ಲಿ ಟೋಪಿ ಮರೆತವಳು ತಿರುಗಿ ಬರಲೇಬೇಕು. ಸಂಜೆಯ ತನಕ ಅದು ಗೂಟದಲ್ಲೇ ಇತ್ತು. ಆಗ ಅರ್ಥವಾಯಿತು, ಬಂದಿದ್ದಳು, ನೋಡಿದಳು, ಹೋದಳು ಎಂದು. ಕಾಗದ ಕೈಗೆ ಕೊಟ್ಟವರು ಅಮ್ಮ. ಕಡ್ಡಿ ಗೀರಿದವಳು ನಾನು. ಟೋಪಿ ನನ್ನ ಹತ್ತಿರವೇ ಇದೆ.

ನಿನ್ನ ಅಂಗಿಯ ವಿಷಯ. ಅಮ್ಮ ಅದನ್ನು ಪೆಟ್ಟಿಗೆಯ ತಳಕ್ಕೆ ಹಾಕಿದ್ದರು. ಇಲ್ಲಿಗೆ ಬಂದ ಮೊದಲ ದಿನವೇ ನಾನು ತೆಗೆದು ಮಗುವಿಗೆ ಹಾಕಿದೆ. ಅವಳಿಗೆ ಬೇರೆ ಯಾವುದೂ ಬೇಡವಾಗಿತ್ತು, ಒಗೆದು ಒಣಗುವ ತನಕ ಅಳು. ಆ ಸೀಗಡಿಯ ಮೀಸೆ ಹಿಡಿದು ಎಳೆದು ಎಳೆದು ಒಂದು ಕಿತ್ತೇ ಹೋಯಿತು. ಅವಳ ಹೆಸರು ಎಲ್ಲಿಂದ ಬಂತೆಂದುಕೊಂಡೆ? ನನ್ನ ಗಂಡ ಕಪ್ಪೆಮರಿ ಎಂದು ಕರೆಯಬೇಕೆಂದಿದ್ದ.

ಮೂರನೆಯ ತಿಂಗಳಲ್ಲಿ ಜ್ವರ ಬಂತು. ಒಂಬತ್ತು ದಿನ ಇಳಿಯಲಿಲ್ಲ. ಜ್ವರ ಹತ್ತಿದ ಬೆಳಿಗ್ಗೆ ಅವಳ ಮೈಮೇಲಿದ್ದದ್ದು ಅದೇ ಅಂಗಿ. ಜ್ವರವೇ ಕಿವಿಯ ನರ ತಿಂದಿತು ಎಂದರು ವೈದ್ಯರು. "ಬಡ್ಕೊಂಡೆ ನಾನು, ಅವಳು ತಂದಿದ್ದು ಹಾಕ್ಬೇಡ ಅಂತ" ಎಂದರು ಅಮ್ಮ. ಇಬ್ಬರಲ್ಲಿ ಯಾರನ್ನು ನಂಬಿದೆ ಎಂದು ಕೇಳುತ್ತೀಯಾ? ಹಗಲು ಹೊತ್ತು ವೈದ್ಯರನ್ನು ನಂಬುತ್ತಿದ್ದೆ. ಇನ್ನುಳಿದ ಹೊತ್ತು ನಿನ್ನನ್ನು ಬೈಯುತ್ತಿದ್ದೆ ಖ್ವೇ. ಎರಡು ವರ್ಷ ಬೈದಿದ್ದೇನೆ. ನಿನಗೆ ಬರೆಯದೆ ಇದ್ದದ್ದು ಟೋಪಿಯ ನಾಚಿಕೆಗೆ ಮಾತ್ರ ಅಲ್ಲ.

ಪುಸ್ತಕ ಕೇಳಿದ್ದೆ. ಹುಂಜದ ಪುಸ್ತಕ ಇರುವುದು ನಿಜ, ಹಾಡುವುದು ಸುಳ್ಳು. ನಾನು ಓದುವಾಗ ಅವಳು ತೊಡೆಯ ಮೇಲೆ ಕೂತು ನನ್ನ ಗಂಟಲಿಗೆ ಅಂಗೈ ಇಟ್ಟುಕೊಳ್ಳುತ್ತಾಳೆ. ಹುಂಜ ಕೂಗುವ ಪುಟ ಬಂದರೆ ಕಣ್ಣರಳಿಸಿ ನನ್ನ ಬಾಯಿ ನೋಡುತ್ತಾಳೆ. ಕೂಗಿ ಮುಗಿಸಿದರೆ ಗಂಟಲು ತಟ್ಟುತ್ತಾಳೆ, ಇನ್ನೊಂದು ಸಲ ಎಂದು. ನನ್ನ ಗಂಟಲು ಕಟ್ಟುವ ತನಕ ಬಿಡುವುದಿಲ್ಲ. ಆ ಪುಟ ಹರಿದುಹೋಗಿದೆ, ಹೊಲಿದಿದ್ದೇನೆ.

ಅಂಗಿಯನ್ನು ಇದರ ಜೊತೆ ಇಟ್ಟಿದ್ದೇನೆ. ನಿನ್ನ ಮಗುವಿಗೆ ಹಾಕು ಎಂದಲ್ಲ. ಹಾಕಬೇಡ. ಆದರೆ ನಿನ್ನ ಕೈಯ ಕೆಲಸ ನಿನ್ನ ಕಣ್ಣಿಗೆ ಬೀಳಲಿ, ನಿನ್ನ ಸ್ನೇಹಿತೆ ಅದನ್ನು ಹಾಕದೆ ಇಟ್ಟಿರಲಿಲ್ಲ ಎಂದು ಗೊತ್ತಾಗಲಿ. ಬೇಡವೆನಿಸಿದರೆ ಸುಡಬೇಡ, ಹಿಂದಕ್ಕೆ ಕಳಿಸು.

ಮಿಯೆನ್

*

ನ್ಯಾ ತ್ರಾಂಗ್
6 ನವೆಂಬರ್ 1995

ಮಿಯೆನ್,

ಹದಿನೈದು ದಿನದಿಂದ ನಿನ್ನ ಕಾಗದ ಹೊತ್ತು ತಿರುಗುತ್ತಿದ್ದೇನೆ. ನೀನು ಇಷ್ಟು ನಿಜ ಬರೆದ ಮೇಲೆ ನಾನು ಒಳ್ಳೆಯವಳ ವೇಷ ಹಾಕುವುದು ಸರಿಯಲ್ಲ. ಆದದ್ದನ್ನು ಆದಂತೆ ಬರೆಯುತ್ತೇನೆ.

ಮೊದಲು ಅಳು ಬಂತು. ತೋಮ್ ಪಾಪ, ಚಿಕ್ಕ ಜೀವ, ಎಂದು ಅತ್ತು ಮುಗಿಸುವ ಮೊದಲೇ ಅಂಗಿಯನ್ನು ದೂರ ಸರಿಸಿದೆ. ಕೌಂಟರಿನ ಕೆಳಗಿನ ಪೆಟ್ಟಿಗೆಗೆ ಹಾಕಲಿಲ್ಲ, ಅಲ್ಲಿ ಮಗುವಿನ ಸಾಮಾನಿದೆ. ಅಂಗಡಿಯ ಹಿಂಗೋಡೆಯಲ್ಲಿ ಯಾರೂ ಕೊಳ್ಳದ ಭಾಷಣಗಳ ಸಂಪುಟಗಳಿವೆಯಲ್ಲ, ಅವುಗಳ ಹಿಂದೆ ಇಟ್ಟೆ. ಇಟ್ಟು ಬಂದು ಕೈ ತೊಳೆದುಕೊಂಡೆ. ಹೌದು, ಸೋಪು ಹಾಕಿ. ಹೊಟ್ಟೆಯ ಮೇಲೆ ಕೈ ಇಡುವ ಮೊದಲು ತೊಳೆದುಕೊಂಡೆ. ನಾಲ್ಕು ವರ್ಷ ನಿನ್ನ ಮೇಲೆ ಯಾವುದಕ್ಕೆ ಕುದಿಯುತ್ತಿದ್ದೆನೋ ಅದನ್ನೇ ನಾನು ಒಂದು ನಿಮಿಷದಲ್ಲಿ ಮಾಡಿ ಮುಗಿಸಿದ್ದೆ. ನಿನಗೆ ನಿಮ್ಮಮ್ಮನಾದರೂ ಕಾಗದ ಕೈಗೆ ಕೊಡಬೇಕಾಯಿತು. ನನಗೆ ಯಾರೂ ಹೇಳಬೇಕಾಗಲಿಲ್ಲ.

ದಿನಾ ಒಂದು ನೆಪ ಮಾಡಿ ಆ ಗೋಡೆಯ ಹತ್ತಿರ ಹೋಗುತ್ತಿದ್ದೆ. ಮ್ಯಾನೇಜರ್ ಕೇಳಿದ, "ಏನಕ್ಕಾ, ಭಾಷಣ ಓದೋಕೆ ಶುರು ಮಾಡಿದೀರಾ? ಹುಟ್ಟೋ ಮಗು ಮಂತ್ರಿಯಾಗತ್ತೆ ಬಿಡಿ."

ಮೊನ್ನೆ ಧೈರ್ಯ ಮಾಡಿ ಹೊರಗೆ ತೆಗೆದೆ. ಕಿಟಕಿಯ ಬಳಿ ಕೂತು ಹೊಲಿಗೆ ನೋಡಿದೆ. ಕತ್ತಿನ ಪಟ್ಟಿ ಸೊಟ್ಟಗಿದೆ. ಅಲ್ಲಿ ಹೊಲಿಯುವಾಗ ಅಳುತ್ತಿದ್ದೆ, ನೆನಪಿದೆ. ನನ್ನ ಮಗುವಿಗೆಂದು ಕೊಂಡ ಬಟ್ಟೆ ಅದು ಮಿಯೆನ್, ನಿನಗೆ ಹೇಳಿರಲಿಲ್ಲ. ಅದು ಹೋದ ಮೇಲೆ ಬಟ್ಟೆ ಉಳಿದಿತ್ತು. ನಿನ್ನ ಮಗುವಾದರೂ ತೊಡಲಿ ಎಂದು ಹೊಲಿದೆ. ನೀನು ಅದನ್ನು ದಿನಾ ಒಗೆದು ದಿನಾ ಹಾಕಿದೆ, ಅದರಿಂದ ಮಗಳಿಗೆ ಹೆಸರಿಟ್ಟೆ. ನಾನು ಇಲ್ಲಿ ಕೂತು ನಿನ್ನನ್ನು ಬೈಯುತ್ತಿದ್ದೆ, ನೀನು ಅಲ್ಲಿ ಕೂತು ನನ್ನನ್ನು. ಅಂಗಿ ಒಂದೇ ನೆಟ್ಟಗೆ ತನ್ನ ಕೆಲಸ ಮಾಡಿಕೊಂಡು ಬಂದಿದೆ.

ಆಮೇಲೆ ಯೋಚಿಸಿದೆ. ಈ ಅಂಗಿಯಲ್ಲಿ ಕೆಟ್ಟದ್ದೇನಾದರೂ ಇದ್ದರೆ ಅದು ನನ್ನ ಕೈಯಿಂದ ಬಂದದ್ದು. ಈ ಮಗು ಎಂಟು ತಿಂಗಳಿಂದ ನನ್ನೊಳಗೇ ಕೂತಿದೆ. ಅಂಗಿಯಿಂದ ತಪ್ಪಿಸಿಕೊಳ್ಳಬಹುದು, ನನ್ನಿಂದ ಹೇಗೆ ತಪ್ಪಿಸಿಕೊಂಡೀತು?

ಅಂಗಿಯನ್ನು ಮನೆಗೆ ತಂದಿದ್ದೇನೆ. ಐಸಿನವಳ ಮಗನ ಅಂಗಿ ಜೊತೆಯಲ್ಲೇ ದಿಂಬಿನಡಿ ಇದೆ. ನೀನು ಇನ್ನೊಂದು ಕಳಿಸಿದ್ದೀಯ ಎಂದಷ್ಟೇ ಅತ್ತೆಗೆ ಹೇಳಿದ್ದೇನೆ. ಯಾವುದನ್ನು ಹಾಕುತ್ತೇನೆಂದು ಈಗ ಮಾತು ಕೊಡಲಾರೆ. ಆ ಕ್ಷಣದಲ್ಲಿ ನನ್ನ ಕೈ ಏನು ಮಾಡುತ್ತದೋ ನನಗೇ ಗೊತ್ತಿಲ್ಲ. ಈ ಕೈಯನ್ನು ನಾನು ನೋಡಿದ್ದಾಗಿದೆ.

ತೋಮ್‌ಗೆ ನಾಲ್ಕು ಪುಸ್ತಕ ಕಳಿಸುತ್ತಿದ್ದೇನೆ. ಸದ್ದಿನ ಪದ್ಯಗಳನ್ನು ಮೊದಲು ತೆಗೆದಿಟ್ಟು ಬರೀ ಚಿತ್ರದವನ್ನು ಕಟ್ಟಿದ್ದೆ. ಮತ್ತೆ ಬಿಚ್ಚಿ ಸೇರಿಸಿದೆ. ಹುಂಜವೇ ಬೇಕೆಂದು ಅವಳು ನಿನ್ನ ಗಂಟಲು ತಟ್ಟುತ್ತಿರುವಾಗ ಬೇಡ ಎನ್ನಲು ನಾನ್ಯಾರು? ಹೊಸ ಹುಂಜದ ಪುಸ್ತಕ ಮೇಲೆಯೇ ಇದೆ. ಹಳೆಯದನ್ನು ಬಿಸಾಡಬೇಡ.

ಖ್ವೇ

*

ನ್ಯಾ ತ್ರಾಂಗ್
4 ಡಿಸೆಂಬರ್ 1995

ಮಿಯೆನ್,

ಕಳೆದ ಸೋಮವಾರ ಬೆಳಿಗ್ಗೆ ಹುಟ್ಟಿದಳು. ಹೆಣ್ಣು. ಕತ್ತಿದೆ.

ಅತ್ತೆ ಬೆರಳು ಮಡಿಸಿ ಮಡಿಸಿ ಎಣಿಸಿ, "ಏಳೇ ಅಲ್ವೇನೇ ನೀನು ತಿಂದಿದ್ದು?" ಎಂದರು. ಒಂಬತ್ತು ಎಂದೆ. ಒಂದು ನಿಮಿಷ ನನ್ನನ್ನು ದಿಟ್ಟಿಸಿ, "ಕಳ್ಳಿ" ಎಂದು ಮಗುವನ್ನು ಎತ್ತಿಕೊಂಡರು. ಇನ್ನೂ ಕೆಳಗಿಳಿಸಿಲ್ಲ.

ಮಂಚದಡಿ ಇದ್ದಿಲ ಕೆಂಡ ಇಟ್ಟು ನನ್ನನ್ನು ಹುರಿಯುತ್ತಿದ್ದಾರೆ. ಹಾಲಿಗೆಂದು ದಿನಾ ಹಂದಿಕಾಲು, ಹಸಿ ಪಪ್ಪಾಯಿಯ ಸಾರು. ಬೆವರಿನಲ್ಲೇ ಬರೆಯುತ್ತಿದ್ದೇನೆ, ಮಸಿ ಹರಡಿದರೆ ಕ್ಷಮಿಸು.

ಮಗುವನ್ನು ಒರೆಸಿ ಕೊಟ್ಟಾಗ ನರ್ಸ್, "ಬಟ್ಟೆ ಎಲ್ಲಿ?" ಎಂದಳು. ಚೀಲದಲ್ಲಿ ಎರಡೂ ಇದ್ದವು. ನನ್ನ ಕೈ ಸೀಗಡಿಯನ್ನು ತೆಗೆಯಿತು. ಯೋಚನೆ ಮಾಡಲಿಲ್ಲ, ಆಮೇಲೆ ಕೈ ತೊಳೆಯಲೂ ಇಲ್ಲ. ಅವಳಿಗೆ ದೊಡ್ಡದಾಗುತ್ತದೆ, ತೋಳು ಮಡಿಚಿದ್ದೇನೆ. ಉಳಿದಿರುವ ಒಂದು ಮೀಸೆಯನ್ನು ಈಗಲೇ ಹಿಡಿದುಕೊಂಡಿದ್ದಾಳೆ.

ಇನ್ನೊಂದು ಮಾತು, ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಎರಡನೆಯ ದಿನ ಯಾರೂ ಇಲ್ಲದಾಗ ಅವಳ ಕಿವಿಯ ಬಳಿ ಚಪ್ಪಾಳೆ ತಟ್ಟಿದೆ. ಬೆಚ್ಚಿಬಿದ್ದಳು. ನನಗೆ ಸಂತೋಷವಾಯಿತು. ಆ ಸಂತೋಷದ ಹಿಂದೆಯೇ ನಿನ್ನ ಮುಖ ಬಂತು, ತಟ್ಟೆ ಬಿದ್ದ ಅಡುಗೆಮನೆ ಬಂತು. ಮಗುವನ್ನು ಅಪ್ಪಿಕೊಂಡು ಬಹಳ ಹೊತ್ತು ಅಳುತ್ತ ಕೂತೆ. ಯಾರಿಗಾಗಿ ಅಳುತ್ತಿದ್ದೆ ಎಂದು ಬಿಡಿಸಿ ಹೇಳಲು ಬರುವುದಿಲ್ಲ.

ಖ್ವೇ

*

ತುಯ್ ಹೋವಾ
22 ಡಿಸೆಂಬರ್ 1995

ಖ್ವೇ,

ಚಪ್ಪಾಳೆ ತಟ್ಟದಿದ್ದರೆ ನಿನ್ನನ್ನು ತಾಯಿ ಎನ್ನುತ್ತಿರಲಿಲ್ಲ. ಅದಕ್ಕೆ ಅಳಬೇಡ, ಹಾಲು ಬತ್ತುತ್ತದೆ.

ಪುಸ್ತಕ ಬಂದವು. ತೋಮ್ ಹೊಸ ಹುಂಜವನ್ನೂ ಹಳೆಯ ಹುಂಜವನ್ನೂ ಎದುರೆದುರು ಇಟ್ಟು ಜಗಳ ಹಚ್ಚುತ್ತಾಳೆ. ಎರಡಕ್ಕೂ ನಾನೇ ಕೂಗಬೇಕು. ಬೀದಿಯವರು ನಮ್ಮ ಮನೆಯಲ್ಲಿ ಕೋಳಿ ಸಾಕಿದ್ದಾರೆಂದುಕೊಂಡಿದ್ದಾರೆ.

ಅಮ್ಮ ಬರೆದಿದ್ದಾರೆ. ತೋಮ್ ಅಂಗಿಯಿಂದಲೇ ತಮ್ಮ ಮೊಮ್ಮಗು ಸುಖವಾಗಿ ಹುಟ್ಟಿತು ಎಂದು ನಿಮ್ಮ ಅತ್ತೆ ಸಂತೆಯಲ್ಲೆಲ್ಲ ಹೇಳುತ್ತಿದ್ದಾರಂತೆ. ಅಮ್ಮನಿಗೆ ಹೆಮ್ಮೆ. ನನಗೆ ಊಟ ಸೇರುತ್ತಿಲ್ಲ. ಅವರಿಗೆ ತೋಮ್ ವಿಷಯ ಹೇಳಿದೆಯಾ? ಹೇಳಿರಲಾರೆ. ಬಾಣಂತಿ, ಮನೆಯ ಜಗಳಕ್ಕೆ ನೀನೇಕೆ ಬೀಳಬೇಕು ಎಂದು ನನಗೂ ಅನ್ನಿಸುತ್ತದೆ. ಆದರೆ ನನ್ನ ಮಗಳನ್ನು ಹೊಗಳುವವರೆಲ್ಲ ಇಲ್ಲದ ಮಗುವೊಂದನ್ನು ಹೊಗಳುತ್ತಿದ್ದಾರೆ ಖ್ವೇ. ನನ್ನ ತೊಡೆಯ ಮೇಲಿರುವವಳನ್ನು ಯಾರೂ ಕೇಳುವುದಿಲ್ಲ.

ಈ ಸಲ ಹೊಸ ವರ್ಷದ ತೆತ್ ಹಬ್ಬಕ್ಕೆ ಅಮ್ಮನ ಮನೆಗೆ ಬರುತ್ತಿದ್ದೇವೆ. ನನ್ನ ಗಂಡನಿಗೆ ಹಬ್ಬಕ್ಕೆ ಹೋಗಲು ತಂದೆತಾಯಿ ಇಲ್ಲವಲ್ಲ. ನಿಮ್ಮ ಬೀದಿಗೆ ಬರುವುದಿಲ್ಲ. ನೀನೇ ಎಂದಾದರೂ ಮಗುವನ್ನು ಎತ್ತಿಕೊಂಡು ಕಡಲದಂಡೆಗೆ ಬಂದರೆ ದೂರದಿಂದ ನೋಡುತ್ತೇನೆ.

ಮಿಯೆನ್

*

ನ್ಯಾ ತ್ರಾಂಗ್
6 ಫೆಬ್ರವರಿ 1996

ಮಿಯೆನ್,

ಹೇಳಿದೆ.

ಮಗುವಿಗೆ ಎಣ್ಣೆ ಹಚ್ಚುತ್ತ ಅತ್ತೆ ಎಂದಿನಂತೆ ತೋಮ್ ಪುರಾಣ ಶುರು ಮಾಡಿದ್ದರು. ಎಲ್ಲವನ್ನೂ ಹೇಳಿಬಿಟ್ಟೆ. ಕಿವಿ, ಜ್ವರ, ಕಾಗದದ ಹೊಗೆ, ಆ ಅಂಗಿ ಹೊಲಿದವಳು ನಾನು, ಐಸಿನವಳ ಮಗ, ಯಾವುದನ್ನೂ ಬಿಡಲಿಲ್ಲ. ಅವರ ಕೈ ಮಗುವಿನ ಎದೆಯ ಮೇಲೆ ನಿಂತುಹೋಯಿತು. ಎಣ್ಣೆಯ ಬಟ್ಟಲು ಎತ್ತಿಕೊಂಡು ಎದ್ದು ಹೋದರು. ಅಂಗಿಯನ್ನು ಎತ್ತಿ ಎಸೆಯುತ್ತಾರೆಂದು ಕಾದೆ. ಎಸೆಯಲಿಲ್ಲ. ನಾಲ್ಕು ದಿನ ನನ್ನೊಡನೆ ಮಾತಿಲ್ಲ. ಸಾರು ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಉಪ್ಪಿಲ್ಲದೆ.

ಐದನೆಯ ದಿನ ತ್ವಾನ್ ಹಬ್ಬದ ಮಾತು ತೆಗೆದ. ಹೊಸ ವರ್ಷದ ಮೊದಲ ಬೆಳಿಗ್ಗೆ ನಮ್ಮ ಹೊಸ್ತಿಲು ಮೊದಲು ಯಾರು ತುಳಿಯಬೇಕು? ಮಗು ಬಂದ ವರ್ಷ, ಆ ಕಾಲ್ಗುಣದ ಮೇಲೆಯೇ ವರ್ಷವಿಡೀ ಮನೆಯ ಸುಖವೆಲ್ಲ ನಿಂತಿದೆ. ತ್ವಾನ್ ತನ್ನ ಶೆಡ್ಡಿನ ಮುಖ್ಯಸ್ಥನ ಹೆಸರು ಹೇಳಿದ. ಅವನಿಗೆ ಇಬ್ಬರು ಗಂಡುಮಕ್ಕಳು, ಕಾರೂ ಇದೆ. ಅತ್ತೆ ಸೊಪ್ಪು ಬಿಡಿಸುತ್ತ ತಲೆ ಎತ್ತದೆ ಹೇಳಿದರು:

"ಆ ತುಯ್ ಹೋವಾ ಹುಡುಗಿ ಬರ್ಲಿ."

ನಾವಿಬ್ಬರೂ ಅವರತ್ತ ತಿರುಗಿದೆವು.

"ಏನ್ ಹಾಗೆ ನೋಡ್ತೀರಿ? ಅವಳ ಅಂಗಿ ತೊಟ್ಟು ನನ್ನ ಮೊಮ್ಮಗಳು ಎರಡು ತಿಂಗಳು ಕಳೆದಿದಾಳೆ. ಒಂದು ನೆಗಡಿ ಬಂತಾ? ಆ ಮಗು ಒಂಬತ್ತು ದಿನ ಜ್ವರ ತಡ್ಕೊಂಡು ಎದ್ದು ಕೂತಿದೆ ಅಂದ್ರೆ ಅದಕ್ಕಿಂತ ಗಟ್ಟಿ ಗುಣ ಇನ್ನೆಲ್ಲಿ ಹುಡುಕ್ತೀರಿ? ಆ ಶೆಡ್ಡಿನ ಯಜಮಾನಂಗೆ ನೆಗಡಿ ಬಂದ್ರೆ ವಾರ ರಜ." ಸ್ವಲ್ಪ ಹೊತ್ತು ಸೊಪ್ಪು ಬಿಡಿಸಿ ಮತ್ತೆ ಅಂದರು, "ಅಲ್ದೆ, ಹಬ್ಬದ ದಿನ ನೀವಿಬ್ರೂ ಕಿತ್ತಾಡೋದು ಅವಳಿಗಾದ್ರೂ ಕೇಳ್ಸಲ್ಲ."

ಅವರು ಮನಸ್ಸಿನಲ್ಲಿ ಪೂರ್ತಿ ಒಪ್ಪಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಆಮೇಲೆ ಒಬ್ಬರೇ ಪೂರ್ವಜರ ಪೀಠದ ಮುಂದೆ ಬಹಳ ಹೊತ್ತು ಊದುಬತ್ತಿ ಹಿಡಿದು ನಿಂತಿದ್ದರು. ಆದರೆ ಸಂತೆಯಲ್ಲಿ ಹೇಳಿ ಬಂದಿದ್ದಾರೆ. ಸಂತೆಯಲ್ಲಿ ಹೇಳಿದ ಮೇಲೆ ಅವರು ಹಿಂತೆಗೆಯುವವರಲ್ಲ. ನಿಮ್ಮಮ್ಮನ ಎದುರೇ ಹೇಳಿದರಂತೆ, "ನಿಮ್ಮ ಕಿವಿ ಕೇಳದ ಮೊಮ್ಮಗಳನ್ನ ಮೊದಲ ಬೆಳಿಗ್ಗೆ ನಮ್ಮನೆಗೆ ಕಳಿಸಿ" ಎಂದು, ಎಲ್ಲರಿಗೂ ಕೇಳುವ ಹಾಗೆ. ನಿಮ್ಮಮ್ಮ ಏನಂದರು ಎಂದು ಕೇಳಿದೆ. "ಅಳ್ತಾ ಇದ್ಲು. ಈರುಳ್ಳಿ ಅಂಗಡಿ ಮುಂದೆ ನಿಂತಿದ್ವಿ" ಎಂದಷ್ಟೇ ಹೇಳಿದರು.

ಕಡಲದಂಡೆ ಬೇಡ ಮಿಯೆನ್. ಮನೆಗೆ ಬಾ. ಹತ್ತೊಂಬತ್ತರ ಬೆಳಿಗ್ಗೆ ಆರಕ್ಕೆ ನಮ್ಮ ಬಾಗಿಲು ತೆರೆದಿರುತ್ತದೆ. ಅದಕ್ಕೂ ಮೊದಲು ಬೇರೆ ಯಾರೂ ನುಗ್ಗದಂತೆ ಅತ್ತೆಯೇ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ತೋಮ್ ಮುಂದೆ ನಡೆಯಲಿ, ನೀನು ಹಿಂದೆ. ಹುಂಜದ ಪುಸ್ತಕ ತರಲಿ, ಹಳೆಯದು, ಹೊಲಿಗೆ ಹಾಕಿದ್ದು. ನಾನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದುತ್ತೇನೆ. ನನ್ನ ಗಂಟಲಿಗೆ ಎರಡು ಕೈ ಇಡಲು ಜಾಗವಿದೆ.

ಬರುವಾಗ ನನ್ನ ಟೋಪಿ ತಾ. ತೋಮ್ ತಲೆಯ ಮೇಲೆ ಇಡು, ದೊಡ್ಡದಾದರೆ ಆಗಲಿ. ಅವಳು ಒಳಗೆ ಬಂದ ಮೇಲೆ ನಾನೇ ತೆಗೆದು ಗೂಟಕ್ಕೆ ಹಾಕುತ್ತೇನೆ.

ಖ್ವೇ